ಕಡತದಿಂದ ಖಾತೆಗೆ

ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ತೊಲೆಗಳನ್ನು ತಟ್ಟಿ ನೋಡುತ್ತೀರಿ, ಬಾವಿಯಲ್ಲಿ ಇಣುಕುತ್ತೀರಿ, ಮಳೆಗಾಲದಲ್ಲಿ ಹೆಂಚು ಸೋರುವುದೇ ಎಂದು ಕೇಳುತ್ತೀರಿ. ಒಳ್ಳೆಯದೇ. ಸೋರುವ ಹೆಂಚನ್ನು ನಾಳೆ ಬದಲಾಯಿಸಬಹುದು. ಮಾರಿದವನಿಗೆ ಮಾರುವ ಹಕ್ಕೇ ಇರಲಿಲ್ಲವೆಂದು ಆಮೇಲೆ ತಿಳಿದರೆ, ಜೀವಮಾನದ ಉಳಿತಾಯವನ್ನು ಯಾವ ಗಾರೆಯವನೂ ತಂದುಕೊಡಲಾರ.

ನೆಲದ ದಾಖಲೆ ಈ ಸೀಮೆಗೆ ಹೊಸದಲ್ಲ. ರೈಸ್ ಸಾಹೇಬರು 1902 ಮತ್ತು 1904ರಲ್ಲಿ ಹೊರತಂದ ಶಿವಮೊಗ್ಗ ಜಿಲ್ಲೆಯ ಶಾಸನ ಸಂಪುಟಗಳನ್ನು ತೆರೆದರೆ, ದಾನದ ಭೂಮಿಗೆ ನಾಲ್ಕೂ ದಿಕ್ಕಿನ ಎಲ್ಲೆ ಹೇಳುವ ಕಲ್ಬರಹಗಳು ಸಿಗುತ್ತವೆ. ನಮ್ಮ ಕ್ರಯಪತ್ರದ ಚಕ್ಕುಬಂದಿ ಅವುಗಳ ಮರಿಮಗನೇ ಸರಿ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನು ಊರೂರಿನಲ್ಲಿ ಒಂದೊಂದು ತರಹದ ಹೊಲವನ್ನು ಹನ್ನೆರಡು ವರ್ಷ ಸ್ವಂತಕ್ಕೆ ಸಾಗುವಳಿ ಮಾಡಿಸಿ, ಬಿತ್ತಿದ್ದು ಬೆಳೆದದ್ದನ್ನೆಲ್ಲ ಬರೆಸಿ, ಮೂರರಲ್ಲೊಂದು ಪಾಲನ್ನು ಕಂದಾಯಕ್ಕೆ ಗೊತ್ತುಮಾಡಿದನೆಂದು ಹಳೆಯ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. ಅದೇ ಪ್ರಸಿದ್ಧವಾದ ‘ಸಿಸ್ತು’.

ಆ ಕಾಲದ ಲೆಕ್ಕಪತ್ರ ಯಾವುದರ ಮೇಲೆ, ಬಲ್ಲಿರಾ? ಕಡತದ ಮೇಲೆ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲು ಕಲಸಿ ಬಳಿದ ಬಟ್ಟೆ, ಬಳಪದ ಬರಹ. ಒರೆಸಿ ಮತ್ತೆ ಬರೆಯಬಹುದಾಗಿತ್ತು! ಇಂದಿನ ಕಚೇರಿಯ ಕಡತಕ್ಕೆ ಹೆಸರು ಬಂದದ್ದು ಅಲ್ಲಿಂದಲೇ.

ಒರೆಸಲಾಗದ ಪುಸ್ತಕ ಆಮೇಲೆ ಬಂತು. 1908ರ ನೋಂದಣಿ ಕಾಯಿದೆಯ 57ನೆಯ ಪ್ರಕರಣವು ಸ್ಥಿರಾಸ್ತಿಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟ ಯಾರಿಗೇ ಆಗಲಿ ತೆರೆದಿಟ್ಟಿತು. ಇದು ಯಾರೂ ಮಾಡುವ ಉಪಕಾರವಲ್ಲ, ನಿಮ್ಮ ಹಕ್ಕು. ಋಣಭಾರ ಪತ್ರವನ್ನು ಕೇಳಿ ಪಡೆಯಿರಿ. ವ್ಯವಹಾರಗಳಿದ್ದರೆ 15ನೆಯ ನಮೂನೆ, ಇಲ್ಲದಿದ್ದರೆ 16ನೆಯದು. ಹದಿನಾರು ಬಂತೆಂದು ನಿಶ್ಚಿಂತರಾಗಬೇಡಿ. ನೋಂದಣಿಯಾಗದ ಉಯಿಲು, ಅಣ್ಣತಮ್ಮಂದಿರ ಬಾಯಿಮಾತಿನ ಪಾಲುಪಟ್ಟಿ ಅದಕ್ಕೆ ಗೊತ್ತಿರುವುದಿಲ್ಲ. ಖಾತೆಯೂ ಹಾಗೆಯೇ: ತೆರಿಗೆಗೆ ಯಾರು ಹೊಣೆಯೆಂದು ಅದು ಹೇಳುತ್ತದೆ, ಒಡೆತನವನ್ನು ಸ್ಥಾಪಿಸುವುದಿಲ್ಲ.

ಭದ್ರಾವತಿಯಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಮೇಲೆ ಕಾರ್ಖಾನೆಯ ಸುತ್ತ ಕ್ವಾರ್ಟರ್ಸುಗಳ ಊರೇ ಬೆಳೆಯಿತು. ಅಂಥ ಊರಿನಲ್ಲಿ ವಾಸ ಬೇರೆ, ಒಡೆತನ ಬೇರೆ. ಅಂಗಳದ ಮಾವು ಫಲ ಬಿಟ್ಟಿತೆಂದು ಮನೆ ನೆಟ್ಟವನದಾಗದು. ತೀರ ಹಳೆಯ ಪತ್ರದಲ್ಲಿ ‘ಬೆಂಕಿಪುರ’ ಎಂದು ಕಂಡರೆ ಬೆಚ್ಚಬೇಡಿ, ಅದು ಇದೇ ಊರಿನ ಹಿಂದಿನ ಹೆಸರು.

ಶಿವಮೊಗ್ಗದವರಿಗೆ ಒಂದು ಅನುಕೂಲವುಂಟು. ಮನೆಮನೆಯನ್ನೂ ಅಳೆದು ನಕ್ಷೆಸಹಿತ ಆಸ್ತಿ ಕಾರ್ಡು ಕೊಡುವ ಯು.ಪಿ.ಒ.ಆರ್. ಯೋಜನೆಗೆ ರಾಜ್ಯದಲ್ಲಿ ಮೊದಲು ಆರಿಸಿದ ಊರುಗಳಲ್ಲಿ ಇದೂ ಒಂದು. ಕಾರ್ಡಿದ್ದರೆ ಕೈಯಲ್ಲಿ ಹಿಡಿದೇ ಮನೆ ನೋಡಲು ಹೋಗಿ; ಇಲ್ಲದಿದ್ದರೆ ಕ್ರಯಪತ್ರದ ಅಳತೆ ಸಾಕು. ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯಿರಿ. ಹಿತ್ತಲಿನ ಬಚ್ಚಲುಮನೆ ನಕ್ಷೆಯಲ್ಲಿ ಇಲ್ಲವೇ? ಯಾವಾಗ ಕಟ್ಟಿದಿರಿ, ಯಾರ ನೆಲದಲ್ಲಿ ಎಂದು ಅಲ್ಲೇ ಕೇಳಿ. ಮೂಡಣ ಗೋಡೆ ಯಾರದೆಂದು ಪಕ್ಕದ ಮನೆಯ ಅಜ್ಜಿಯನ್ನೂ ಒಂದು ಮಾತು ಕೇಳಿ, ಮುಂಗಡ ಕೊಡುವುದಕ್ಕೆ ಮೊದಲು.