ಮುಂಬೈ ಹೈ: ತೈಲದ ಜತೆ ಮೇಲೆ ಬರುವ ನೀರು ಮೀನುಗಳಿಗೆ ಎಷ್ಟು ಅಪಾಯ? ಇಲ್ಲಿದೆ ವಿವರ

ಮುಂಬೈ: 2010ರ ಆಗಸ್ಟ್‌ನಲ್ಲಿ ಮುಂಬೈ ಬಂದರಿನ ಬಳಿ ಎಂಎಸ್‌ಸಿ ಚಿತ್ರಾ ಹಡಗಿನಿಂದ ತೈಲ ಸೋರಿದಾಗ ನಗರದ ಜನ ಮೀನು ಖರೀದಿಸಲೂ ಹಿಂಜರಿದಿದ್ದರು. ಅಂತಹ ಅವಘಡಗಳು ದೊಡ್ಡ ಸುದ್ದಿಯಾಗುತ್ತವೆ. ಆದರೆ ಯಾವ ಅವಘಡವೂ ಇಲ್ಲದೆ, ನಿಯಮದ ಪ್ರಕಾರವೇ ತೈಲಬಾವಿಗಳ ತ್ಯಾಜ್ಯ ನೀರು ಸಮುದ್ರ ಸೇರುತ್ತದೆ ಎಂಬುದು ಹೆಚ್ಚು ಚರ್ಚೆಯಾಗುವುದಿಲ್ಲ.

ಏನಿದು ‘ಪ್ರೊಡ್ಯೂಸ್ಡ್ ವಾಟರ್’?

ಸಮುದ್ರತಳದ ಬಂಡೆ ಪದರಗಳಲ್ಲಿ ತೈಲ ಮತ್ತು ಅನಿಲದ ಜತೆ ಪುರಾತನ ಕಾಲದ ನೀರೂ ಸಿಲುಕಿಕೊಂಡಿರುತ್ತದೆ. ತೈಲ ಎತ್ತುವಾಗ ಅದೂ ಮೇಲೆ ಬರುತ್ತದೆ. ಜಾಗತಿಕವಾಗಿ 1 ಬ್ಯಾರಲ್ ತೈಲಕ್ಕೆ ಸುಮಾರು 3 ಬ್ಯಾರಲ್ ನೀರು ಬರುತ್ತದೆ ಎಂಬ ಅಂದಾಜಿದೆ. ಬಾವಿ ಹಳೆಯದಾದಂತೆ ನೀರಿನ ಪಾಲು ಹೆಚ್ಚುತ್ತದೆ. ಮುಂಬೈ ಕರಾವಳಿಯಿಂದ ಸುಮಾರು 160 ಕಿ.ಮೀ. ದೂರದಲ್ಲಿರುವ ಒಎನ್‌ಜಿಸಿಯ ಮುಂಬೈ ಹೈ ನಿಕ್ಷೇಪ ಪತ್ತೆಯಾಗಿದ್ದು 1974ರಲ್ಲಿ, ಉತ್ಪಾದನೆ ಶುರುವಾಗಿದ್ದು 1976ರಲ್ಲಿ. ಅಂದರೆ ಇದು ಹಳೆಯ ನಿಕ್ಷೇಪವೇ.

ಪ್ಲಾಟ್‌ಫಾರ್ಮ್‌ನಲ್ಲಿ ತೈಲ ಬೇರ್ಪಡಿಸಿದ ಬಳಿಕ ಉಳಿದ ನೀರನ್ನು ಸಂಸ್ಕರಿಸಿ ಸಮುದ್ರಕ್ಕೆ ಬಿಡಲಾಗುತ್ತದೆ.

ಮಿತಿ ಎಷ್ಟು?

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹೀಗೆ ಬಿಡುವ ನೀರಿನ ಶೇ. 95ರಷ್ಟು ಮಾದರಿಗಳಲ್ಲಿ ತೈಲದ ಅಂಶ ಲೀಟರ್‌ಗೆ 40 ಮಿಲಿಗ್ರಾಂ ಮೀರಬಾರದು. ಯಾವ ಸಂದರ್ಭದಲ್ಲೂ 100 ಮಿಲಿಗ್ರಾಂ ದಾಟುವಂತಿಲ್ಲ. ಯುರೋಪ್‌ನ ಉತ್ತರ ಸಮುದ್ರದಲ್ಲಿ ಈ ಮಿತಿ 30 ಮಿಲಿಗ್ರಾಂ. 40 ಮಿಲಿಗ್ರಾಂ ಕೇಳಲು ಅಲ್ಪ ಎನಿಸಬಹುದು. ಆದರೆ ಲೆಕ್ಕ ಹಾಕಿದರೆ 1 ಕೋಟಿ ಲೀಟರ್ ನೀರಿನಲ್ಲಿ ಅದು 400 ಕೆ.ಜಿ. ತೈಲವಾಗುತ್ತದೆ.

ಅಸಲಿ ಸಮಸ್ಯೆ ಬೇರೆಯೇ ಇದೆ. ಈ ಸಂಖ್ಯೆ ಹೇಳುವುದು ತೈಲದ ಪ್ರಮಾಣವನ್ನು ಮಾತ್ರ, ನೀರು ಎಷ್ಟು ವಿಷಕಾರಿ ಎಂಬುದನ್ನಲ್ಲ. ಸಂಸ್ಕರಣಾ ಯಂತ್ರಗಳು ಮುಖ್ಯವಾಗಿ ತೇಲುವ ತೈಲದ ಹನಿಗಳನ್ನು ತೆಗೆಯುತ್ತವೆ. ನೀರಿನಲ್ಲಿ ಕರಗಿದ ಬೆಂಜೀನ್, ಫಿನಾಲ್, ಭಾರ ಲೋಹಗಳು, ಪೈಪ್ ತುಕ್ಕು ಹಿಡಿಯದಂತೆ ಬಳಸುವ ರಾಸಾಯನಿಕಗಳಲ್ಲಿ ಬಹುಪಾಲು ಹಾಗೇ ಉಳಿಯಬಹುದು.

ಮೀನುಗಳಿಗೆ ಏನಾಗುತ್ತದೆ?

ಬೆಂಜೀನ್‌ನಂತಹವು ಬೇಗ ಆವಿಯಾಗುತ್ತವೆ. ಹೆಚ್ಚು ಆತಂಕ ಇರುವುದು ಪಿಎಎಚ್ ಎಂಬ ಸಂಯುಕ್ತಗಳ ಬಗ್ಗೆ. 1989ರ ಎಕ್ಸಾನ್ ವಾಲ್ಡೀಜ್ ಮತ್ತು 2010ರ ಡೀಪ್‌ವಾಟರ್ ಹೊರೈಜನ್ ದುರಂತಗಳ ನಂತರ ನಡೆದ ಅಧ್ಯಯನಗಳಲ್ಲಿ, ಕಚ್ಚಾ ತೈಲದ ಈ ಅಂಶಗಳು ಮೀನಿನ ಭ್ರೂಣದ ಹೃದಯ ಬಡಿತವನ್ನೇ ಏರುಪೇರು ಮಾಡುವುದು ಕಂಡುಬಂತು. ಮೊಟ್ಟೆಯಿಂದ ಹೊರಬಂದ ಮರಿ ಬದುಕಿದರೂ ಚುರುಕಾಗಿ ಈಜಲಾರದು. ಇನ್ನು ಆಲ್ಕೈಲ್‌ಫಿನಾಲ್‌ಗಳು ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತವೆ. ಇವನ್ನು ತಿನ್ನಿಸಿದಾಗ ಕಾಡ್ ಮೀನುಗಳು ಮೊಟ್ಟೆ ಇಡುವುದು ತಡವಾಗಿದ್ದನ್ನು ನಾರ್ವೆಯ ವಿಜ್ಞಾನಿಗಳು ದಾಖಲಿಸಿದ್ದಾರೆ.

ಹಾಗಂತ ಇಡೀ ಅರಬ್ಬಿ ಸಮುದ್ರ ವಿಷವಾಗುತ್ತದೆ ಎಂದಲ್ಲ. ತೆರೆದ ಸಮುದ್ರದಲ್ಲಿ ಈ ನೀರು ಬೇಗ ತೆಳುವಾಗುತ್ತದೆ. ಉತ್ತರ ಸಮುದ್ರದ ಸಮೀಕ್ಷೆಗಳಲ್ಲಿ ಪರಿಣಾಮ ಕಂಡಿದ್ದು ಹೆಚ್ಚಾಗಿ ಪ್ಲಾಟ್‌ಫಾರ್ಮ್‌ನ ಒಂದೆರಡು ಕಿ.ಮೀ. ವ್ಯಾಪ್ತಿಯಲ್ಲಿ. ಆದರೆ ಪ್ಲಾಟ್‌ಫಾರ್ಮ್ ಕಂಬಗಳ ಸುತ್ತಲೇ ಮೀನುಗಳು ಗುಂಪುಗೂಡುತ್ತವೆ! ಭದ್ರತೆಗಾಗಿ 500 ಮೀಟರ್ ಒಳಗೆ ಮೀನುಗಾರಿಕೆ ನಿಷಿದ್ಧ. ದೋಣಿಗೆ ಈ ಗಡಿ ಅನ್ವಯಿಸಬಹುದು, ಮಹಾರಾಷ್ಟ್ರದ ರಾಜ್ಯ ಮೀನಾದ ಪಾಂಫ್ರೆಟ್‌ಗೆ (ಕರಾವಳಿಗರ ಮಾಂಜಿ) ಅನ್ವಯಿಸುವುದಿಲ್ಲ. ನೀರಿನಲ್ಲಿ ತೇಲುವ ಅದರ ಮೊಟ್ಟೆಗಳಿಗಂತೂ ಇಲ್ಲವೇ ಇಲ್ಲ.

ಬೇರೆ ದೇಶಗಳಲ್ಲಿ ಹೇಗೆ?

ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲದ ಮಿತಿಯ ಜತೆಗೆ, ಬಿಡುವ ನೀರಿನಲ್ಲಿ ಪುಟ್ಟ ಸಿಗಡಿ ಜಾತಿಯ ಜೀವಿ ಮತ್ತು ಸಣ್ಣ ಮೀನುಗಳನ್ನು 7 ದಿನ ಇಟ್ಟು ನೋಡುವ ಪರೀಕ್ಷೆಯೂ ಕಡ್ಡಾಯ. ಉತ್ತರ ಸಮುದ್ರದ ದೇಶಗಳು 2012ರಿಂದ ನೀರಿನ ಒಟ್ಟು ಅಪಾಯವನ್ನು ಅಳೆಯುವ ವಿಧಾನ ಅಳವಡಿಸಿಕೊಂಡಿವೆ. ಭಾರತಕ್ಕೂ ಇಂತಹ ಪರೀಕ್ಷೆ ಹೊಸದೇನಲ್ಲ. ಬಾವಿ ಕೊರೆಯಲು ಬಳಸುವ ‘ಡ್ರಿಲ್ಲಿಂಗ್ ಮಡ್’ ರಾಸಾಯನಿಕಗಳನ್ನು ಸಿಗಡಿಯಂತಹ ಜೀವಿಗಳ ಮೇಲೆ 96 ಗಂಟೆ ಪರೀಕ್ಷಿಸಬೇಕೆಂದು 2005ರ ಅಧಿಸೂಚನೆಯೇ ಹೇಳುತ್ತದೆ. ಇದಕ್ಕೆ ಸ್ಥಳೀಯ ಸಮುದ್ರ ಜೀವಿಗಳನ್ನೂ ಬಳಸಬಹುದು. ಬಾವಿ ಕೊರೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ನೀರು ಮಾತ್ರ ಬಾವಿ ಮುಚ್ಚುವವರೆಗೂ ಬರುತ್ತಲೇ ಇರುತ್ತದೆ.