ಒಂದೇ ಕಳೆಗೆ ಮೂರು ಕುಲ

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ಸಿಗುವ ಚೈನಾ ಗ್ರಾಸ್ ಕೆಂಪು ಕಡಲಕಳೆಯಿಂದ ತೆಗೆದ ಅಗರ್. ಬನಶಂಕರಿಯ ಬಿಎಸ್ಸಿ ವಿದ್ಯಾರ್ಥಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿರುವುದೂ ಅದೇ. ಈ ಕಳೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಯಾವುದು ಯಾವುದೆಂದು ಗುರುತಿಸುವ ಕೆಲಸ ಇನ್ನೂ ಮುಗಿದಿಲ್ಲ.

1753ರಲ್ಲಿ ಲಿನಿಯಸ್ ಬಹುಪಾಲು ಕಡಲಕಳೆಗಳನ್ನು ಫ್ಯೂಕಸ್, ಅಲ್ವಾ, ಕಾನ್ಫರ್ವಾ ಎಂಬ ಕೆಲವೇ ಕುಲಗಳಲ್ಲಿ ಸೇರಿಸಿದ. 1836ರಲ್ಲಿ ಐರ್ಲೆಂಡಿನ ವಿಲಿಯಂ ಹಾರ್ವೆ ಬಣ್ಣ ನೋಡಿ ಕೆಂಪು, ಕಂದು, ಹಸಿರು ಎಂದು ಬೇರ್ಪಡಿಸಿದ. ಆದರೆ ದಡದಲ್ಲಿ ಬಣ್ಣವನ್ನು ನಂಬುವಂತಿಲ್ಲ. ಕಡು ಬಿಸಿಲಿಗೆ ಫೈಕೋಎರಿಥ್ರಿನ್ ಎಂಬ ಕೆಂಪು ವರ್ಣಕ ಕುಗ್ಗಿದರೆ ಕೆಂಪು ಕಳೆಯೇ ಕಂದಾಗಿ, ಹಸಿರಾಗಿ ಕಾಣುತ್ತದೆ. ಅಲೆಯ ಹೊಡೆತಕ್ಕೆ ಕವಲುಗಳ ಆಕಾರವೂ ಬದಲಾಗುತ್ತದೆ. ಆದ್ದರಿಂದಲೇ ಜರ್ಮನಿಯ ಷ್ಮಿಟ್ಸ್, ಆಮೇಲೆ ಸ್ವೀಡನ್ನಿನ ಕೈಲಿನ್ ಹೊರರೂಪಕ್ಕಿಂತ ಹೆಣ್ಣು ಅಂಗದ ರಚನೆಗೂ ನಿಷೇಚನದ ಬಳಿಕ ಅಲ್ಲಿ ನಡೆಯುವ ಬೆಳವಣಿಗೆಗೂ ಹೆಚ್ಚು ಬೆಲೆ ಕೊಟ್ಟರು. ಕೈಲಿನ್‌ನ 1956ರ ಗ್ರಂಥ ದಶಕಗಳ ಕಾಲ ಈ ಕ್ಷೇತ್ರದ ಆಧಾರವಾಗಿತ್ತು. ಆದರೆ ಸಂತಾನಾಂಗವಿಲ್ಲದ ತುಣುಕು ಸಿಕ್ಕರೆ ಈ ವಿಧಾನಕ್ಕೆ ದಾರಿಯಿರಲಿಲ್ಲ.

ಈ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆಯುವುದು 1949ರಲ್ಲಿ ಬ್ರಿಟನ್ನಿನ ಕ್ಯಾಥ್ಲೀನ್ ಡ್ರೂ ಕಂಡುಕೊಂಡ ಸಂಗತಿ. ಚಿಪ್ಪಿನೊಳಗೆ ಸಣ್ಣ ಎಳೆಗಳಾಗಿ ಬೆಳೆಯುವ ಕಾಂಕೊಸೆಲಿಸ್ ಬೇರೆಯೇ ಜೀವಿ ಎಂದು ಎಲ್ಲರೂ ನಂಬಿದ್ದರು. ಅದು ಹಾಳೆಯಂಥ ಪಾರ್ಫೈರಾ ಎಂಬ ಕೆಂಪು ಕಳೆಯ ಜೀವನಚಕ್ರದ ಇನ್ನೊಂದು ಹಂತ ಎಂದು ಆಕೆ ತೋರಿಸಿದಳು. ರೂಪವೊಂದನ್ನೇ ನೆಚ್ಚಿಕೊಂಡರೆ ತಾಯಿ ಮಕ್ಕಳನ್ನೂ ಪರಕೀಯರೆಂದು ಬರೆದಿಡಬೇಕಾಗುತ್ತದೆ. ಜಪಾನಿನಲ್ಲಿ ನೋರಿ ಎಂಬ ತಿನ್ನುವ ಕಳೆಯ ಕೃಷಿಗೆ ಗಟ್ಟಿ ಬುನಾದಿ ಸಿಕ್ಕಿದ್ದೂ ಈ ಶೋಧದಿಂದ.

ವಂಶವಾಹಿಗಳ ಸರದಿ ಬಂದದ್ದು ಆಮೇಲೆ. ಕೆಂಪು ಕಳೆಗಳ ವಂಶವೃಕ್ಷವನ್ನು ಆರ್‌ಬಿಸಿಎಲ್ ಜೀನಿನಿಂದ ಕಟ್ಟಿದ ಪ್ರಮುಖ ಅಧ್ಯಯನ 1994ರದು. 2005ರಲ್ಲಿ ಕೆನಡಾದ ಗ್ಯಾರಿ ಸಾಂಡರ್ಸ್ ಮೈಟೊಕಾಂಡ್ರಿಯಾದ ಸಿಒಐ ಜೀನನ್ನು ಪ್ರಭೇದ ಗುರುತಿಸುವ ಬಾರ್‌ಕೋಡಾಗಿ ಬಳಸಿ ನೋಡಿದ.

ಜೀನುಗಳನ್ನು ಓದಿದ್ದರ ಫಲ ನಮ್ಮ ಪಡುವಣ ಕರಾವಳಿಯ ಕಳೆಯೊಂದರಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಕೊಂಕಣದ ಬಂಡೆಗಳ ಮೇಲೆ ಹಬ್ಬುವ ಆ ಕಳೆಗೆ 1962ರಲ್ಲಿ ಪಾರ್ಫೈರಾ ವಿಯೆಟ್ನಾಮೆನ್ಸಿಸ್ ಎಂದು ಹೆಸರಿಟ್ಟಿದ್ದರು. 2011ರಲ್ಲಿ ಅದು ಪೈರೋಪಿಯಾ ಕುಲಕ್ಕೂ 2020ರಲ್ಲಿ ಫೈಕೊಕ್ಯಾಲಿಡಿಯಾ ಕುಲಕ್ಕೂ ಹೋಯಿತು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಹಾಳೆಗಳು ವಂಶದಲ್ಲಿ ತೀರಾ ದೂರದವು ಎಂದು ಜೀನುಗಳು ತೋರಿಸಿದ್ದೇ ಇದಕ್ಕೆ ಕಾರಣ.

ಹಾಗೆಂದು ಒಣಗಿಸಿಟ್ಟ ಹಳೆಯ ಮಾದರಿಗಳ ಕಾಲ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪ್ರತಿ ಹೆಸರೂ ಒಂದು ಮೂಲ ಮಾದರಿಗೆ ಅಂಟಿಕೊಂಡಿರುತ್ತದೆ. 1927-28ರಲ್ಲಿ ಭಾರತಕ್ಕೆ ಬಂದಿದ್ದ ಡೆನ್ಮಾರ್ಕಿನ ಬೋರ್ಗೆಸೆನ್ ಪಶ್ಚಿಮ ಕರಾವಳಿಯ ಕಳೆಗಳ ಬಗ್ಗೆ ಬರೆದದ್ದನ್ನು ಬದಿಗಿಟ್ಟು, ಕಾರವಾರದ ಬಂಡೆಯಿಂದ ಕಿತ್ತು ತಂದ ಕಳೆಯ ಡಿಎನ್‌ಎ ಓದಿದರೆ ಕೈಗೆ ಸಿಗುವುದು ಹೆಸರಿಲ್ಲದ ಅಕ್ಷರಮಾಲೆ ಮಾತ್ರ. ಅದಕ್ಕೇ ಈಗ ಸಂಗ್ರಹಕ್ಕೆ ಹೋದವರು ಒಂದೇ ಗಿಡವನ್ನು ಹಂಚಿಡುತ್ತಾರೆ: ಒಂದು ಭಾಗ ಕಾಗದದ ಮೇಲೆ ಒತ್ತಿ ಒಣಗಿಸಲು, ಒಂದು ತುಣುಕು ಡಿಎನ್‌ಎಗಾಗಿ ಸಿಲಿಕಾ ಜೆಲ್ಲಿಗೆ, ಸಂತಾನಾಂಗವಿರುವ ಕವಲು ಸೂಕ್ಷ್ಮದರ್ಶಕಕ್ಕಾಗಿ ಫಾರ್ಮಲಿನ್ನಿಗೆ.