ಕಸದ ಬೆಟ್ಟದ ಕೆಳಗಿನ ಮೊಹಲ್ಲಾ

ಒಂದು ಊರಿನ ಜನ ಐನೂರು ವರ್ಷ ಒಂದೇ ಕಡೆ ಕಸ ಸುರಿಯುತ್ತ ಬಂದರೆ ಏನಾದೀತು? ಅಲ್ಲೊಂದು ಬೆಟ್ಟವೇ ಏಳುತ್ತದೆ. ಈಜಿಪ್ಟಿನ ರಾಜಧಾನಿ ಕೈರೋದ ಹಳೇ ಪಟ್ಟಣದ ಪೂರ್ವಕ್ಕಿರುವ ದರಾಸಾ ದಿಬ್ಬಗಳು ಹುಟ್ಟಿದ್ದು ಹೀಗೆಯೇ. ಬಿದ್ದ ಮನೆಗಳ ಕಲ್ಲು, ಒಡೆದ ಮಡಕೆ, ಬೂದಿ, ಮಣ್ಣು ಎಲ್ಲವೂ ಅಲ್ಲಿಗೇ ಬಂದು ಬಿತ್ತು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ 12ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಗೋಡೆಯೂ ಆ ರಾಶಿಯಡಿ ಹೂತುಹೋಯಿತು. ಶತ್ರುಗಳನ್ನು ತಡೆಯಲೆಂದು ಎದ್ದ ಗೋಡೆಯನ್ನು ಕೊನೆಗೆ ಮುಚ್ಚಿದ್ದು ಊರಿನದೇ ಕಸ.

ಆ ಇಳಿಜಾರಿನ ಬುಡದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದೆ ದರ್ಬ್ ಅಲ್-ಅಹ್ಮರ್ ಮೊಹಲ್ಲಾ. 'ಕೆಂಪು ದಾರಿ' ಎಂದು ಆ ಹೆಸರಿನ ಅರ್ಥ. ಬಾಬ್ ಝುವೈಲಾ ಹೆಬ್ಬಾಗಿಲಿನಿಂದ ಕೋಟೆಯತ್ತ ಏರುವ ಈ ಭಾಗದಲ್ಲಿ ಮಮ್ಲೂಕರ ಕಾಲದ ಮಸೀದಿಗಳಿವೆ, ಮದ್ರಸಗಳಿವೆ. ಅವುಗಳ ನಡುವೆಯೇ ಬಡಗಿಗಳು, ಅಮೃತಶಿಲೆ ಕೊರೆಯುವವರು, ಡೇರೆ ಬಟ್ಟೆಗೆ ಬಣ್ಣದ ಚಿತ್ತಾರ ಹೊಲಿಯುವವರು ಬದುಕುತ್ತಾರೆ. ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ಮನೆಗಳು ಜೀರ್ಣವಾಗಿದ್ದವು. ಕಾನೂನಿನಂತೆ ಬಾಡಿಗೆ ಏರಿಸುವಂತಿರಲಿಲ್ಲ. ಸಿಗುವ ಪುಡಿಗಾಸಿನಲ್ಲಿ ಮಾಲೀಕರು ರಿಪೇರಿ ಮಾಡಿಸಲಿಲ್ಲ. ಗೋಡೆಯ ಪಕ್ಕದ ಮನೆಗಳನ್ನು ತೆರವು ಮಾಡಿಸುವ ಹಳೆಯ ಸರ್ಕಾರಿ ಯೋಜನೆಯೊಂದು ಬೇರೆ ತಲೆಯ ಮೇಲೆ ತೂಗುತ್ತಿತ್ತು. ನಾಳೆ ಬೀಳಿಸುತ್ತಾರೆಂದು ಗೊತ್ತಿರುವ ಮನೆಗೆ ಇವತ್ತು ಸುಣ್ಣ ಬಳಿಯುವವರು ಯಾರು?

1984ರಲ್ಲಿ ಕೈರೋದ ಬೆಳವಣಿಗೆ ಕುರಿತು ಅಲ್ಲೊಂದು ವಿಚಾರಗೋಷ್ಠಿ ನಡೆಯಿತು. ಇಸ್ಮಾಯಿಲಿ ಪಂಥದ ಇಮಾಮರಾಗಿದ್ದ, 2025ರಲ್ಲಿ ನಿಧನರಾದ ನಾಲ್ಕನೇ ಆಗಾ ಖಾನ್ ಆಗ ಈ ನಗರಕ್ಕೊಂದು ಉದ್ಯಾನ ಕೊಡುವುದಾಗಿ ಹೇಳಿದರು. ಕೈರೋವನ್ನು 969ರಲ್ಲಿ ಸ್ಥಾಪಿಸಿದ ಫಾತಿಮಿ ಖಲೀಫರನ್ನು ಅವರು ತಮ್ಮ ಪೂರ್ವಿಕರೆಂದು ಎಣಿಸುತ್ತಿದ್ದರು. ದಟ್ಟವಾದ ಪಟ್ಟಣದಲ್ಲಿ ಉದ್ಯಾನಕ್ಕೆ ಸಿಕ್ಕ ಜಾಗ ಈ ಕಸದ ಬೆಟ್ಟವೊಂದೇ: 30 ಹೆಕ್ಟೇರ್.

ಕೆಲಸ ಸುಲಭದ್ದಾಗಿರಲಿಲ್ಲ. ನಗರಕ್ಕೆ ಕುಡಿಯುವ ನೀರು ಒದಗಿಸಲು ತಲಾ 80 ಮೀಟರ್ ವ್ಯಾಸದ ಮೂರು ತೊಟ್ಟಿಗಳು ಅದೇ ಜಾಗದಲ್ಲಿ ಬರಬೇಕಿತ್ತು; ಅವು ಮುಗಿಯುವವರೆಗೆ ಉದ್ಯಾನ ಕಾಯಬೇಕಾಯಿತು. ಮಣ್ಣಿನಲ್ಲಿ ಉಪ್ಪು. ಯಾವ ಗಿಡ ಅಲ್ಲಿ ಬದುಕೀತೆಂದು ಮೊದಲು ನರ್ಸರಿಗಳಲ್ಲಿ ಬೆಳೆಸಿ ನೋಡಿದರು. ಸುಮಾರು 15 ಲಕ್ಷ ಘನ ಮೀಟರ್ ಮಣ್ಣು, ಕಲ್ಲುಪುಡಿಯನ್ನು ಅತ್ತಿತ್ತ ಸಾಗಿಸಬೇಕಾಯಿತು. ಇಳಿಜಾರನ್ನು ಸಪಾಟು ಮಾಡಲಿಲ್ಲ. ಅದರ ಏರಿಳಿತದಲ್ಲೇ ದಾರಿ, ಮೆಟ್ಟಿಲು, ನೀರಿನ ಕಾಲುವೆ, ಕೊಳಗಳನ್ನು ಜೋಡಿಸಿದರು. ಅಗೆಯುತ್ತ ಹೋದಂತೆ ಅಯ್ಯೂಬಿ ಗೋಡೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಹೊರಬಂತು. ಉತ್ತರದ ಅಂಚಿನಲ್ಲಿ ವಾಹನ ನಿಲುಗಡೆಗೆಂದು ಇಟ್ಟ ಜಾಗದಲ್ಲಿ ಪ್ರಾಚ್ಯ ಸಂಶೋಧಕರು ಅಗೆದಾಗ ಇನ್ನೂ ಹಳೆಯ, ಫಾತಿಮಿಗಳ ಕಾಲದ ಹಸಿ ಇಟ್ಟಿಗೆಯ ಗೋಡೆ ಕಂಡಿತು. ಕಾರು ನಿಲ್ಲಿಸಲು ಹೊರಟಲ್ಲಿ ಚರಿತ್ರೆ ಎದ್ದುನಿಂತಿತ್ತು! 2005ರಲ್ಲಿ ಅಲ್-ಅಝ್‌ಹರ್ ಉದ್ಯಾನ ಜನರಿಗೆ ತೆರೆಯಿತು.

ಇಲ್ಲಿಯವರೆಗಿನದು ಇಂಜಿನಿಯರುಗಳ ಸಾಹಸ. ನಿಜವಾದ ಪರೀಕ್ಷೆ ಇದ್ದದ್ದು ಇಳಿಜಾರಿನ ಕೆಳಗೆ. ಮೇಲೆ ಹಸಿರು ಬಂದರೆ ಕೆಳಗಿನ ಜಾಗಕ್ಕೆ ಬೆಲೆ ಬರುತ್ತದೆ. ಬೆಲೆ ಬಂದಲ್ಲಿ ಬಡವರ ಕಾಲು ಕೀಳಿಸುವುದು ಲೋಕದ ರೂಢಿ. ಮನೆಗಳನ್ನು ಕೆಡವಿ ಗೋಡೆಯ ಸೊಬಗು ತೋರಿಸುವುದು ಸುಲಭವೂ ಆಗಿತ್ತು. ಹಾಗೆ ಮಾಡಲಿಲ್ಲ ಎನ್ನುವುದೇ ಈ ಕಥೆಯ ತಿರುಳು. ಗೋಡೆಗೆ ಅಂಟಿದ ಮನೆಗಳೂ ಆ ಚರಿತ್ರೆಯ ಭಾಗವೇ ಎಂದು ಯೋಜನೆಯವರು ಒಪ್ಪಿಕೊಂಡರು. ಮನೆಯವರೂ ಖರ್ಚಿನ ಪಾಲು ಹೊತ್ತು, ಸಾಲ-ಸಹಾಯ ಪಡೆದು, ಹಲವಾರು ಮನೆಗಳು ದುರಸ್ತಿಯಾದವು. ಮೊದಲಿದ್ದ ಕುಟುಂಬಗಳೇ ಅಲ್ಲಿ ಉಳಿದವು. ಗೋಡೆಯ ಪಕ್ಕದ ಹಳೆಯ ಶಾಲಾ ಕಟ್ಟಡ ಮೊಹಲ್ಲಾದವರ ಕೇಂದ್ರವಾಯಿತು. ಉಮ್ ಸುಲ್ತಾನ್ ಶಾಬಾನ್ ಮಸೀದಿಯ ಜೀರ್ಣೋದ್ಧಾರದಂಥ ಕೆಲಸಗಳಲ್ಲಿ ಅಲ್ಲಿನ ಹುಡುಗರೇ ಕಲ್ಲುಕೆಲಸ, ಮರಗೆಲಸ ಕಲಿತರು.

ಎಲ್ಲವೂ ಸರಿಯಾಯಿತೆಂದು ಹೇಳಲಾರೆ. ಉದ್ಯಾನದ ಮುಖ್ಯ ದ್ವಾರವಿರುವುದು ಮೊಹಲ್ಲಾದ ಕಡೆಗಲ್ಲ, ಆಚೆ ಬದಿಯಲ್ಲಿ, ಕಾರುಗಳು ಧಾವಿಸುವ ಸಲಾಹ್ ಸಾಲಿಮ್ ಹೆದ್ದಾರಿಗೆ. ಒಳಗೆ ಹೋಗಲು ಟಿಕೇಟು ಬೇಕು. ಕಾರಿನಲ್ಲಿ ಬಂದವನಿಗೂ, ಕಿಟಕಿ ತೆರೆದರೆ ಆ ಹಸಿರೇ ಕಾಣುವ ಮನೆಯ ತಾಯಿಗೂ ಉದ್ಯಾನ ಒಂದೇ ಅಳತೆಯಲ್ಲಿ ಸಿಗುತ್ತದೆಯೇ? ಈ ಪ್ರಶ್ನೆ ಹಾಗೆಯೇ ಉಳಿದಿದೆ.

ಆ ಹೆದ್ದಾರಿಯ ಆಚೆಗೆ ಕೈರೋದ ಪುರಾತನ ಖಬರಸ್ಥಾನ. ಸುಲ್ತಾನರ ಗುಮ್ಮಟಗಳ ಪಕ್ಕದಲ್ಲಿ ಬಡ ಕುಟುಂಬಗಳೂ ಅಲ್ಲಿ ತಲೆಮಾರುಗಳಿಂದ ವಾಸವಾಗಿವೆ. 2020ರಲ್ಲಿ ಹೊಸ ರಸ್ತೆಗಾಗಿ ಅಲ್ಲಿನ ಗೋರಿಗಳನ್ನು ಕೆಡವಲಾಯಿತು. ಮುಂದಿನ ವರ್ಷಗಳಲ್ಲಿಯೂ ಬುಲ್‌ಡೋಜರುಗಳು ಬಂದವು. ಕೆಲವರು ತಮ್ಮ ಹಿರಿಯರ ಎಲುಬುಗಳನ್ನು ಬೇರೆಡೆಗೆ ಒಯ್ದು ಮತ್ತೆ ದಫನ ಮಾಡಿದರು.

ಹೆದ್ದಾರಿ ಒಂದೇ. ಈಚೆ ಬದಿಯಲ್ಲಿ ಕಸದಡಿಯ ಗೋಡೆಯನ್ನು ಎತ್ತಿ ನಿಲ್ಲಿಸಿದರು, ಅದರ ನೆರಳಿನಲ್ಲಿದ್ದವರನ್ನೂ ಉಳಿಸಿಕೊಂಡರು. ಆಚೆ ಬದಿಯಲ್ಲಿ ಸತ್ತವರಿಗೂ ಜಾಗ ಉಳಿಯಲಿಲ್ಲ. ಎರಡಕ್ಕೂ ಕಾಗದದಲ್ಲಿ ಬರೆದ ಹೆಸರು 'ಅಭಿವೃದ್ಧಿ'. ನಮ್ಮ ಊರುಗಳಲ್ಲಿ ಹಳೆಯ ಮೊಹಲ್ಲಾಗಳ ನಕ್ಷೆ ಹಿಡಿದು ಯಾರಾದರೂ ಬಂದಾಗ, ಉದ್ಯಾನ ಎಲ್ಲಿ, ಪಾರ್ಕಿಂಗ್ ಎಲ್ಲಿ ಎಂದು ಕೇಳುವ ಮೊದಲು ಒಂದು ಮಾತು ಕೇಳಬೇಕು: ಕೆಲಸ ಮುಗಿದ ಮೇಲೆ ಇಲ್ಲಿ ಇರುವವರು ಯಾರು?